ಓರಗಿತ್ತಿಯ ಸೈಕಲ್ಲು

ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಸೀರೆಯ ನೆರಿಗೆಯಿಂದ ನಾಲ್ಕು ಹೊಂಗೆ ಹೂವು ಉದುರಿದವು. ಯುಗಾದಿ ಹತ್ತಿರ ಬಂತೆಂದರೆ ನಮ್ಮ ರಾಮನಗರದ ಪಾರ್ಕಿನಲ್ಲಿ ದಾರಿಯ ತುಂಬ ಇದೇ ಹೂವು, ಮಂಡಕ್ಕಿ ಚೆಲ್ಲಿದ ಹಾಗೆ. ಆ ವಾಸನೆ ಬಲು ಹಿತ ಅನ್ನುವವರಿದ್ದಾರೆ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಸೆರಗು ಅಡ್ಡ ಹಿಡಿದು ಬೇಗ ದಾಟಿಬಿಡುತ್ತೇನೆ. ಯಾಕೆಂದು ಹೇಳುತ್ತೇನೆ. ಹೇಳಬೇಕಾದವಳಿಗೆ ಹೇಳಿ ಆಗಿದೆ. ಇನ್ನು ನಿಮ್ಮ ಹತ್ತಿರ ಎಂಥ ನಾಚಿಕೆ?

ನಾವು ರೇಷ್ಮೆ ಹುಳ ಸಾಕುತ್ತಿದ್ದವರು. ಬಿಡದಿ ಕಡೆಯ ನಮ್ಮ ಹಿಪ್ಪುನೇರಳೆ ತೋಟ ಕಾರ್ಖಾನೆಗಳಿಗೆ ಹೋದ ಮೇಲೆ ಅಣ್ಣತಮ್ಮಂದಿರು ರಾಮನಗರದಲ್ಲಿ ಒಂದೇ ಗೋಡೆಗೆ ಎರಡು ಮನೆ ಕಟ್ಟಿಸಿದರು. ಒಂದರಲ್ಲಿ ನಾನು, ನಮ್ಮ ಯಜಮಾನರು. ಇನ್ನೊಂದರಲ್ಲಿ ನನ್ನ ಮೈದುನ, ಅವನ ಹೆಂಡತಿ ಸುಶೀಲ, ಅವರ ಮಗಳು. ಅತ್ತೆ ಇಬ್ಬರಿಗೂ ಸೇರಿದವರು. ಸಾರು ಎಲ್ಲಿ ಘಮ್ಮೆಂದರೆ ಅಲ್ಲಿ ಊಟ. ಮನೆಯಲ್ಲಿ ಹುಳವಿದ್ದ ಕಾಲದಲ್ಲಿ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ತಟ್ಟೆ ಶುಚಿ ಮಾಡಬೇಕು, ಒಗ್ಗರಣೆಯ ಘಾಟು ಕೂಡ ಹುಳಕ್ಕೆ ತಾಗದಂತೆ ಕಾಯಬೇಕು. ಕೂರಲು ಪುರುಸೊತ್ತಿರಲಿಲ್ಲ. ಹುಳ ಹೋದವು, ನಾನು ಕೂತೆ. ಕೂತವಳಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಿರಿ ಅಂದರು ಡಾಕ್ಟರು. "ಎಲ್ಲಿಗೆ ಡಾಕ್ಟ್ರೇ?" ಎಂದು ಕೇಳಿದೆ. ಎಲ್ಲಿಗೂ ಹೋಗದೆ ನಡೆಯುವುದೂ ಒಂದು ಔಷಧಿಯೆಂದು ನನಗೇನು ಗೊತ್ತು?

ಆ ಹೊತ್ತಿಗೆ ಊರಂಚಿನ ಸರ್ಕಾರಿ ತೋಪಿಗೆ ತಂತಿಬೇಲಿ ಹಾಕಿ ಪಾರ್ಕು ಮಾಡಿದ್ದರು. ಹೊಂಗೆ, ಹುಣಸೆ, ಬೇವು ಮೊದಲಿನಿಂದಲೂ ಇದ್ದವು. ಅವುಗಳ ನಡುವೆ ನಡೆಯುವವರಿಗೊಂದು ದಾರಿ, ಸೈಕಲ್ಲಿಗೊಂದು ದಾರಿ. ಬಿದಿರು ಮೆಳೆಯ ತಿರುವಿನಲ್ಲಿ ಮಾತ್ರ ಜಾಗ ಸಾಲದೆ ಎರಡೂ ಒಂದಾಗುತ್ತಿದ್ದವು. ನಟ್ಟನಡುವೆ ಹಳೆಯ ಅರಳಿಕಟ್ಟೆ, ನಾಗರಕಲ್ಲು. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಲಿ ಎಂದು ನೆಲದ ಮೇಲೆ ಬಿಳಿ ಬಣ್ಣದ ಬಾಣ ಬರೆದಿದ್ದರು. ಬಾಣ ತೋರಿಸಿದ ಕಡೆ ಹೊರಟರೆ ಅರಳಿಕಟ್ಟೆ ಎಡಕ್ಕೆ ಬೀಳುತ್ತದೆ. ದೇವರನ್ನು ಎಡಕ್ಕೆ ಹಾಕಿಕೊಂಡು ಸುತ್ತುವುದುಂಟೇ? ಮೊದಲ ದಿನವೇ ತಿರುಗಿ ನಿಂತು ನನ್ನ ಬಲಸುತ್ತು ಶುರು ಮಾಡಿದೆ.

ಗೇಟಿನ ಕಾವಲುಗಾರ ಓಡಿ ಬಂದ. "ಅಮ್ಮಾರೇ, ಎಲ್ರೂ ಅತ್ತಗೋದ್ರೆ ನೀವು ಇತ್ತಗೆ ಬತ್ತಿದ್ದೀರಲ್ಲ. ಬಾಣ ಕಾಣಕಿಲ್ವಾ?"

"ಬಾಣ ಕಾಣ್ತದೆ ಕಣಪ್ಪ, ದೇವ್ರೂ ಕಾಣ್ತಾನೆ. ಬಾಣ ಬರೆದೋರಿಗೆ ಕಾಣ್ನಿಲ್ಲ, ಅಷ್ಟೆ."

"ಆಯ್ತು ಬುಡಿ. ಯಾರಾದ್ರೂ ಬಂದು ಗುದ್ದುದ್ರೆ ನನ್ನ ಮಾತ್ರ ಕೇಳ್ಬ್ಯಾಡಿ."

ಸುಶೀಲ ಕನಕಪುರದ ಹೆಣ್ಣು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಡಲು ಶುರು ಮಾಡಿದಾಗ ಅವಳ ಮಗಳಿಗೂ ಒಂದು ಸಿಕ್ಕಿತು. ಸ್ಕೂಲಿಗೆ ಹೊರಡುವ ಮುಂಚಿನ ಒಂದು ಗಂಟೆ ಅದು ಅಮ್ಮನ ಪಾಲು. ಮಗಳು ಕ್ಯಾರಿಯರ್ ಹಿಡಿದು ಹಿಂದೆ ಓಡುವಳು, ಅಮ್ಮ ಮುಂದೆ ಕಿರುಚುವಳು. ಹದಿನೈದೇ ದಿನಕ್ಕೆ ಕಿರುಚುವುದು ನಿಂತಿತು.

"ಅಕ್ಕ, ನೀವೂ ಕಲೀರಿ. ನಾನ್ ಹಿಡ್ಕೋತೀನಿ" ಅಂದಿದ್ದಳು.

"ನನ್ನ ಮಂಡಿಗೆ ಅದೆಲ್ಲ ಯಾಕೆ ಬುಡು" ಅಂದೆ. ಮಂಡಿ ಆಗ ಗುಂಡುಕಲ್ಲಿನ ಹಾಗಿತ್ತು.

ನಿಜ ಹೇಳುತ್ತೇನೆ. ಬೈರಾಪಟ್ಟಣದ ನಮ್ಮ ತವರುಮನೆಯಲ್ಲಿ ಅಣ್ಣನ ಸೈಕಲ್ಲು ತೊಳೆಯುವ ಕೆಲಸ ನನ್ನದು. ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಪೆಡಲನ್ನು ಕೈಯಿಂದ ತಿರುಗಿಸಿ ಚಕ್ರ ಓಡುವುದನ್ನು ನೋಡುತ್ತ ಕೂರುತ್ತಿದ್ದೆ. ಹತ್ತಿದ್ದು ಒಂದೇ ಸಲ. ಅಪ್ಪ ಕಂಡವರೇ, "ಇಳಿಯವ್ವ, ಎಲ್ಲಿಗೋಗ್ಬೇಕು ನೀನು?" ಅಂದರು. ಬೈಯಲಿಲ್ಲ, ಕೇಳಿದರು ಅಷ್ಟೆ. ಹೇಳಲು ಊರಿನ ಹೆಸರು ಒಂದೂ ಹೊಳೆಯಲಿಲ್ಲ. ಇಳಿದೆ.

ಈಗ ಲೆಕ್ಕ ಹಾಕಿ ನೋಡಿ. ನಾನು ಬಲಸುತ್ತು, ಅವಳು ಬಾಣದ ಸುತ್ತು. ಅಂದ ಮೇಲೆ ಸುತ್ತು ಸುತ್ತಿಗೂ ಅವಳು ನನ್ನೆದುರಿಗೆ ಬರಲೇಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರಿಣ್ ಟ್ರಿಣ್ ಟ್ರಿಣ್ ಎಂದು ಬೆಲ್ಲು ಹೊಡೆಯುತ್ತ, "ಅಕ್ಕಾ" ಎಂದು ಕೂಗಿ ಹಾದುಹೋಗುವಳು. ಬೆಂಚಿನ ಮೇಲಿನ ಹೆಂಗಸರು ನನ್ನನ್ನು ಕರೆದು, "ಅವರು ನಿಮ್ಮ ಓರಗಿತ್ತೀನಾ? ಎಷ್ಟು ಚಂದ ಓಡಿಸ್ತಾರೆ" ಎನ್ನುವರು. ಮನೆಗೆ ಬಂದರೆ ಯಜಮಾನರದೂ ಅದೇ ಮಾತು. ಅತ್ತೆಯಂತೂ, "ಸುಶೀಲ ಸೈಕಲ್ ಮ್ಯಾಲೆ ಕುಂತ್ರೆ ಎಮ್ಮೆಲ್ಲೆ ಕುಂತಂಗೆ ಕಾಣ್ತಾಳೆ" ಎಂದು ಬೀದಿಗೆಲ್ಲ ಸಾರಿದರು. ದೇವರು ಕೊಟ್ಟಿದ್ದನ್ನು ದಿನವೂ ಬೆರಳು ಮಡಿಸಿ ನೆನೆಯುವುದು ನನ್ನ ಪದ್ಧತಿ: ತಲೆಯ ಮೇಲೆ ಸೂರಿದೆ, ನಲ್ಲಿಯಲ್ಲಿ ನೀರಿದೆ, ಹೊರಗೆ ಕೆಲಸದಲ್ಲಿರುವ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ಆ ದಿನಗಳಲ್ಲಿ ಮೂರನೇ ಬೆರಳಿಗೆ ಬರುವಷ್ಟರಲ್ಲಿ ಆ ಬೆಲ್ಲು ಕಿವಿಯಲ್ಲಿ ಹೊಡೆಯುತ್ತಿತ್ತು.

ಒಂದು ಶುಕ್ರವಾರ ಅರಳಿಕಟ್ಟೆಯ ಮುಂದೆ ಕೈಮುಗಿದು ನಿಂತಾಗ ನಮ್ಮ ಮನೆದೇವರ ಹೆಸರು ಹಿಡಿದು ನನ್ನ ಬಾಯಿಂದಲೇ ಬಂತು: "ತಾಯಿ ಕಬ್ಬಾಳಮ್ಮ, ಇವಳು ಒಂದೇ ಒಂದ್ಸಲ ಬೀಳ್ಲಿ. ಜಾಸ್ತಿ ಬ್ಯಾಡ, ಮೈಗೆ ಒಸಿ ಮಣ್ಣಾದ್ರೆ ಸಾಕು. ನಿನಗೆ ರೇಷ್ಮೆ ಸೀರೆ ಉಡಿಸ್ತೀನಿ."

ಒಂಬತ್ತನೇ ದಿನ ಬಿದ್ದಳು.

ಬಿದಿರು ಮೆಳೆಯ ತಿರುವು. ನೆಲದ ಮೇಲೆ ಹೊಂಗೆ ಹೂವು ದಪ್ಪಗೆ ಹಾಸಿತ್ತು. ಬೆಲ್ಲು ಕೇಳಿಸಿತು. ಪಕ್ಕಕ್ಕೆ ಸರಿಯಲು ಜಾಗವಿತ್ತು. ಸರಿಯಲಿಲ್ಲ; ನಾನೇ ಯಾಕೆ ಸರಿಯಬೇಕು ಎಂದುಕೊಳ್ಳುವಷ್ಟು ಹೊತ್ತು ನಿಂತೆ. ಅವಳು ನನ್ನನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದಳು, ಚಕ್ರ ಹೂವಿನ ಮೇಲೆ ಜಾರಿತು, ಸೈಕಲ್ಲು ಸಮೇತ ಹೊಂಗೆ ಬುಡಕ್ಕೆ ಹೋಗಿ ಬಿದ್ದಳು. ಕೈ ವಾರೆಯಾಗಿತ್ತು. ಬಿದ್ದಲ್ಲಿಂದಲೇ ಕೇಳಿದಳು: "ಅಕ್ಕ, ನಿಮಗೇನೂ ತಗಲಲಿಲ್ವಾ?"

ಮಣಿಕಟ್ಟಿನ ಮೂಳೆ ಮುರಿದಿತ್ತು. ತಲೆಗೆ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಎಡಗೈ, ಬಲಗೈಯಲ್ಲ, ಅದೂ ದೇವರು ದೊಡ್ಡವನು. ಹೀಗೆ ಬೆರಳು ಮಡಿಸುತ್ತ ಹೋದೆ. ಒಂದು ಬೆರಳೂ ಮನಸ್ಸಿಗೆ ಒಪ್ಪಲಿಲ್ಲ. ಬ್ಯಾಂಡೇಜು ಬಿಚ್ಚುವವರೆಗೆ ಎರಡು ಮನೆಯ ಅಡುಗೆಯನ್ನೂ ನಾನೇ ಮಾಡುವುದೆಂದು ನಿಂತೆ. ಅವಳ ತಲೆ ಬಾಚಿದೆ, ಜಡೆ ಹೆಣೆದೆ. ಅವಳು "ಸಾಕು ಬಿಡಿ ಅಕ್ಕ, ಎಷ್ಟು ಮಾಡ್ತೀರಿ" ಅಂದಾಗಲೆಲ್ಲ ಬಾಚಣಿಗೆ ನನ್ನ ಕೈಗೇ ಚುಚ್ಚುತ್ತಿತ್ತು.

ಆದರೆ ಹರಕೆ ಹರಕೆಯೇ. ಕೇಳಿದ್ದನ್ನು ಅಮ್ಮ ಕೊಟ್ಟಿದ್ದಾಳೆ, ಸೀರೆ ತಪ್ಪಿಸುವ ಹಾಗಿಲ್ಲ. ಗುಟ್ಟಾಗಿ ತಂದು ಪೆಟ್ಟಿಗೆಯಲ್ಲಿಟ್ಟಿದ್ದೆ, ಅತ್ತೆಯ ಕಣ್ಣಿಗೆ ಬಿತ್ತು.

"ಯಾರ್ಗವ್ವ ಸೀರೆ?"

"ಕಬ್ಬಾಳಮ್ಮನಿಗೆ ಹರಕೆ ಅತ್ತೆ."

ಉಳಿದದ್ದನ್ನು ಅವರೇ ತುಂಬಿಕೊಂಡರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: "ನನ್ ಹಿರಿಸೊಸೆ ಓರಗಿತ್ತಿ ಕೈ ವಾಸಿಯಾಗ್ಲಿ ಅಂತ ಹರಕೆ ಹೊತ್ತವ್ಳೆ. ಈ ಕಾಲದಾಗೆ ಯಾರವ್ವ ಮಾಡ್ತಾರೆ?" ಸುಶೀಲ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಅತ್ತೆ, ಸೊಸೆಯರು ಮೂವರೂ ಕಬ್ಬಾಳಿಗೆ ಹೋಗುವುದೆಂದಾಯಿತು.

ಗುಡಿಯಲ್ಲಿ ಪೂಜಾರಿ, "ಏನಕ್ಕೆ ಹರಕೆ ತಾಯಿ, ಬಾಯ್ಬಿಟ್ಟು ಹೇಳ್ಕಳಿ" ಅಂದರು. ನಾನು ತಟ್ಟೆಯಲ್ಲಿದ್ದ ಸೀರೆಯ ಮಡಿಕೆ ಸರಿಮಾಡುತ್ತ ನಿಂತೆ. ಅತ್ತೆಯೇ ಮುಂದೆ ಬಂದು, "ಇವ್ಳ ಕೈ ವಾಸಿಯಾಗ್ಲಿ ಅಂತ ಕಣಪ್ಪ" ಅಂದರು. ಅಮ್ಮನ ಕಣ್ಣು ನನ್ನನ್ನೇ ನೋಡುತ್ತಿತ್ತು. ಅಲ್ಲಿ ಸುಮ್ಮನಿದ್ದವಳು ಮನೆಗೆ ಹೋಗಿ ದೀಪ ಹಚ್ಚುವುದು ಹೇಗೆ?

ಅತ್ತೆ ಪರಿಚಯದವರನ್ನು ಮಾತಾಡಿಸಲು ಹೋದಾಗ ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು. ಹೇಳಿಬಿಟ್ಟೆ. "ಸುಶೀಲ, ಹರಕೆ ನಿನ್ನ ಕೈಗಲ್ಲ. ನೀನು ಬೀಳ್ಲಿ ಅಂತ ಹೊತ್ತಿದ್ದು. ಅವತ್ತು ನಾನು ಪಕ್ಕಕ್ಕೆ ಸರೀಬೋದಾಗಿತ್ತು. ಬೇಕಂತ್ಲೇ ಸರೀಲಿಲ್ಲ."

ಅವಳು ಒಂದೇ ಕೈಯಲ್ಲಿ ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದಳು, ನಿಲ್ಲಿಸಿದಳು. ಅರ್ಧ ಸುಲಿದ ಹಣ್ಣನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಿದಳು: "ನಾನ್ ಬಿದ್ದಿದ್ದಕ್ಕೆ ರೇಷ್ಮೆ ಸೀರೇನಾ ಅಕ್ಕ? ನನ್ನ ಮದ್ವೆಗೆ ನೀವ್ ತಂದಿದ್ದು ಆರ್ಟ್ ಸಿಲ್ಕು."

ಅವಳ ಮಡಿಲಿನ ಹಣ್ಣು ತೆಗೆದುಕೊಂಡು ಉಳಿದ ಸಿಪ್ಪೆಯನ್ನು ನಾನೇ ಸುಲಿದೆ.

"ನಾನೂ ಒಂದ್ ಹೇಳ್ಲಾ? ಬೇರೆಯೋರು ಎದುರಿಗೆ ಬಂದ್ರೆ ಒಂದ್ಸಲ ಬೆಲ್ ಹೊಡೀತಿದ್ದೆ. ನಿಮ್ಗೆ ಮಾತ್ರ ಮೂರ್ಸಲ. ನಿಮ್ ಮೊಕ ಗಂಟಾಗೋದು ನೋಡೋಕೆ." ಬ್ಯಾಂಡೇಜಿನ ಕೈ ಸವರಿಕೊಂಡು, "ಆದ್ರೆ ನೋವು ಬಾಳ ಆಯ್ತು ಅಕ್ಕ" ಅಂದಳು.

ಬಸ್ಸಿನಲ್ಲಿ ಅವಳು ಅತ್ತೆಯ ಪಕ್ಕ ಹೋಗಿ ಕೂತಳು. ನಾಲ್ಕು ದಿನ ಗೋಡೆಯಾಚೆಯಿಂದ ನನ್ನ ಹೆಸರೆತ್ತಿ ಯಾರೂ ಕೂಗಲಿಲ್ಲ. ನಾನು ಮಾಡಿಟ್ಟ ಸಾರನ್ನು ಅವಳ ಮಗಳು ಬಂದು ಒಯ್ದಳು, ಪಾತ್ರೆ ತೊಳೆದು ವಾಪಸು ಬಂತು. ಐದನೆಯ ದಿನ ಬೆಳಿಗ್ಗೆ ಸುಶೀಲಳೇ ಬಾಚಣಿಗೆ, ಎಣ್ಣೆ ಬಟ್ಟಲು ಹಿಡಿದು ಬಂದು ನನಗೆ ಬೆನ್ನು ಮಾಡಿ ಕೂತಳು. "ಬೈತಲೆ ನೆಟ್ಟಗೆ ತೆಗೀರಿ" ಅಂದಳು. ಅಷ್ಟೇ.

ಅತ್ತೆ ಬದುಕಿದ್ದಷ್ಟು ಕಾಲ ನನ್ನ ಒಳ್ಳೆಯತನವನ್ನು ಬಂದವರಿಗೆಲ್ಲ ಹೇಳಿದರು. ಸುಶೀಲ ಪಕ್ಕದಲ್ಲೇ ಕೂತು ಹೂಂಗುಟ್ಟುತ್ತಿದ್ದಳು. ಕೈ ಕೂಡಿದ ಮೇಲೆ ನನಗೂ ಸೈಕಲ್ ಕಲಿಸಿದಳು. ನೆಟ್ಟಗೆ ಹೋಗುವುದು ಬಂತು, ತಿರುಗಿಸುವುದು ಬರಲೇ ಇಲ್ಲ. ಸುತ್ತುವ ಪಾರ್ಕಿನಲ್ಲಿ ಅದರಿಂದೇನು ಪ್ರಯೋಜನ?

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಅದು ಇದೆ. ಅದನ್ನು ದೇವಿಯ ತನಕ ಒಯ್ಯುವುದನ್ನು ಬಿಟ್ಟಿದ್ದೇನೆ, ನೇರ ಸುಶೀಲಳಿಗೇ ಹೇಳುತ್ತೇನೆ. ಇವತ್ತು ಪಾರ್ಕಿಗೆ ಅವಳು ಮಗಳು ಕೊಡಿಸಿದ ಹೊಸ ಶೂ ಹಾಕಿಕೊಂಡು ಬಂದಿದ್ದಳು, ಗುಲಾಬಿ ಬಣ್ಣದ್ದು. ಅರ್ಧ ಸುತ್ತು ತಡೆದುಕೊಂಡೆ. "ಸುಶೀಲ, ನಿನ್ನ ಶೂ ನೋಡಿ ನಂಗೆ ಹೊಟ್ಟೆ ಉರೀತೈತೆ" ಅಂದೆ.

ಅವಳು ಬೆಂಚಿನ ಮೇಲೆ ಕೂತು ಎರಡನ್ನೂ ಬಿಚ್ಚಿ ನನ್ನ ಕಡೆ ತಳ್ಳಿದಳು. "ಹಾಕ್ಕೊಳಿ. ನಿಮ್ ಚಪ್ಪಲಿ ಇತ್ತ ಕೊಡಿ."

ಹೆಬ್ಬೆರಳು ಒತ್ತುತ್ತಿತ್ತು. ಹೇಳಲಿಲ್ಲ. ಪೂರ್ತಿ ಒಂದು ಸುತ್ತು ಮುಗಿಯುವ ತನಕ ವಾಪಸು ಕೊಡಲಿಲ್ಲ.