ಮಲಕಪ್ಪನವರ ತೊಟ್ಟಿಲ ಗಿಣಿ

ಪೀಣ್ಯದ ಕಾರ್ಖಾನೆಗಳ ಮೊದಲ ಸೈರನ್ ಇನ್ನೂ ಕೂಗಿಲ್ಲ. ಪೀಠೋಪಕರಣ ವಿನ್ಯಾಸ ಕಲಿಸುವ ಖಾಸಗಿ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಮಲಕಪ್ಪ ಬಡಿಗೇರ ಆಗಲೇ ಉಳಿ ಮಸೆಯುತ್ತಿದ್ದಾರೆ. ಅದು ಮುಗಿದ ಮೇಲೆ ಮೂಲೆಯಲ್ಲಿ ತೂಗುಹಾಕಿರುವ ಸಾಗವಾನಿ ತೊಟ್ಟಿಲಿನ ಧೂಳು ಒರೆಸುತ್ತಾರೆ. ಅದರೊಳಗೊಂದು ಗುಂಡುಕಲ್ಲು. ಬರಿದಾದ ತೊಟ್ಟಿಲು ತೂಗಬಾರದೆಂದು ಅವರೇ ಇಟ್ಟದ್ದು. ಹುಡುಗರ ಕೈ ಸುಮ್ಮನಿರಬೇಕಲ್ಲ, ಹೋಗುತ್ತ ಬರುತ್ತ ತೂಗಿಯೇ ತೂಗುತ್ತಾರೆ.

ಬಾದಾಮಿ ಕಡೆಯ ಮಲಕಪ್ಪ ಬೆಂಗಳೂರಿಗೆ ಬಂದದ್ದು ಕಟ್ಟಡಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ. ಇಲ್ಲಿನ ಬೆಂಚು ರಿಪೇರಿಗೆ ಬಂದವರಿಗೆ ಕೆತ್ತನೆಯೂ ಗೊತ್ತೆಂದು ತಿಳಿದು ಕಾಲೇಜು ಉಳಿಸಿಕೊಂಡಿತು. ಹುದ್ದೆ ಹೆಲ್ಪರ್‌ದು. ಆದರೆ ಬೆಳಗಿನಿಂದ ಸಂಜೆವರೆಗೆ ಮೂರು ಬ್ಯಾಚಿಗೆ ಕೆತ್ತನೆ ಕಲಿಸುತ್ತಾರೆ. ಪಾರಂಪರಿಕ ಚಿತ್ತಾರದ ಪಾಠಕ್ಕೆ ಈ ತೊಟ್ಟಿಲೇ ಮಾದರಿ: ಕಮಲ, ಬಳ್ಳಿ, ಎದುರುಬದುರು ಕೂತ ಜೋಡಿ ಗಿಣಿ. ಇಲ್ಲಿ ಕಲಿತವರು ಆ ಗಿಣಿಗಳನ್ನು ವೈಟ್‌ಫೀಲ್ಡಿನ ಆಫೀಸುಗಳ ಮೇಜಿಗೂ ಸೋಫಾದ ಕೈಗೂ ಏರಿಸಿದ್ದಾರೆ. ಎಲ್ಲೆಡೆಯೂ ಎಡಗಡೆಯ ಗಿಣಿಗೆ ಕಣ್ಣಿಲ್ಲ. ಮಾದರಿ ತೊಟ್ಟಿಲಿನಲ್ಲೇ ಇಲ್ಲ, ಸಂಪ್ರದಾಯವೇ ಹಾಗಿರಬೇಕೆಂದು ಕಲಿತವರೂ ಬಿಟ್ಟಿದ್ದಾರೆ.

ಯಾರಾದರೂ ಕೇಳಿದರೆ ಮಲಕಪ್ಪ ಮಾತು ಮರೆಸುತ್ತಿದ್ದರು. ಕಳೆದ ವಾರ ಅದು ಸಾಧ್ಯವಾಗಲಿಲ್ಲ. ಹಳೆಯ ವಿದ್ಯಾರ್ಥಿನಿ, ಜಾಲಹಳ್ಳಿಯ ಶರಣ್ಯ, ಮಗಳ ನಾಮಕರಣಕ್ಕೆಂದು ತಾನೇ ಮಾಡಿದ ತೊಟ್ಟಿಲಿನ ಮುಂದಿನ ಹಲಗೆಯನ್ನು ಆಟೋದಲ್ಲಿ ತಂದಿದ್ದರು. ಗುರುಗಳು ಒಮ್ಮೆ ನೋಡಲಿ ಎಂಬ ಆಸೆ. ಅಲ್ಲೂ ಎಡಗಡೆಯ ಗಿಣಿಗೆ ಕಣ್ಣಿರಲಿಲ್ಲ. ಮಲಕಪ್ಪ ಹಲಗೆಯ ಮೇಲೆ ಕೈಯಿಟ್ಟರು.

"ಇದನ್ನ ಹಿಂಗ ಒಯ್ಯಬ್ಯಾಡವ್ವಾ," ಎಂದರು. "ನಮ್ಮ ಮನ್ಯಾಗ ಒಂದು ಗಿಣಿ ಕಣ್ಣು ಬಾಕಿ ಇಡ್ತೀವಿ. ಕೂಸನ್ನ ತೊಟ್ಟಿಲಕ್ಕ ಹಾಕೋ ದಿನ ಅದರಪ್ಪ ಉಳಿ ಹಿಡದು ಆ ಕಣ್ಣು ಕೆತ್ತಿ ತೆಗೀಬೇಕು. ಆ ಮೂಲ್ಯಾಗಿನ ತೊಟ್ಟಿಲ ನಮ್ಮ ಕೂಸಿಗಂತ ನಾ ಮಾಡಿದ್ದು. ಕೂಸು ದವಾಖಾನಿಯಿಂದ ಮನಿಗೇ ಬರ್ಲಿಲ್ಲ."

ಆ ತೊಟ್ಟಿಲು ಕಣ್ಣೆದುರು ಇರುವುದೇ ಬೇಡವೆಂದಿದ್ದರು ಹೆಂಡತಿ ನೀಲಾಂಬಿಕಾ. ಒಲೆಗೆ ಹಾಕಲು ಮಲಕಪ್ಪನವರಿಗೆ ಮನಸ್ಸು ಬರಲಿಲ್ಲ. ಕೂಸು ಮಲಗದ ತೊಟ್ಟಿಲನ್ನು ಬೇರೆ ಮನೆಗೆ ಕೊಡುವುದಾದರೂ ಹೇಗೆ? ಹಾಗಾಗಿ ಕಾಲೇಜು ಸೇರಿತು. ಆ ಸಂಕಟವನ್ನೇ ಹುಡುಗರು ಇಷ್ಟು ವರ್ಷ ಶ್ರದ್ಧೆಯಿಂದ ನಕಲು ಮಾಡುತ್ತಿದ್ದರು.

ಶರಣ್ಯ ಹಲಗೆಯನ್ನು ಅವರತ್ತ ಸರಿಸಿದರು. ಆಮೇಲೆ, "ನನ್ ಮಗಳ ಗಿಣಿಗೆ ನೀವೇ ಕಣ್ ತೆಗೀರಿ, ಮಲಕಪ್ಪಣ್ಣ," ಎಂದರು.

"ಅದು ನಿನ್ನ ಗಂಡನ ಕೆಲಸವ್ವಾ."

"ಅವರಿಗೆ ನಾನು ಹೇಳ್ತೀನಿ. ನೀವು ತೆಗೀರಿ."

ಮಲಕಪ್ಪ ಸಣ್ಣ ಉಳಿ ಹುಡುಕಿದರು. ಕಣ್ಣು ತುಂಬಿ ಗೆರೆ ಕಾಣದೆ, ಒರೆಸಿಕೊಂಡು ಮತ್ತೆ ಕೂತರು. ಕಣ್ಣು ಮೂಡಿದ ಹಲಗೆ ಸಂಜೆಗೆ ಜಾಲಹಳ್ಳಿ ತಲುಪಿತು.

ಈಗ ತೊಟ್ಟಿಲು ಒರೆಸುವಾಗ ಅವರ ಬೆರಳು ಆ ಗಿಣಿಯ ಬಳಿ ಸ್ವಲ್ಪ ನಿಲ್ಲುತ್ತದೆ. ಇದಕ್ಕೂ ಕಣ್ಣು ತೆಗೆಯುವಿರಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಎರಡೂ ಗಿಣಿಗೆ ಕಣ್ಣು ತೆಗೀರಿ ಅಂತ ಇನ್ಮ್ಯಾಲೆ ಹುಡುಗ್ರಿಗೆ ಹೇಳ್ತೀನ್ರಿ. ನಮ್ಮದು ಹಂಗ ಇರ್ಲಿ. ಅದು ನೋಡಬೇಕಾದ ಕೂಸು ಬರ್ಲೇ ಇಲ್ಲಲ್ರಿ."