ಮೂರನೇ ಪ್ಲಾಟ್‌ಫಾರಂ

ಇಪ್ಪತ್ತೆಂಟು ವರ್ಷ ಮುಚ್ಚಿಟ್ಟ ಗುಟ್ಟನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿ, ಹಗಲಲ್ಲೇ ದೀಪ ಹಾಕಿ ತೋರಿಸಿದರೆ ಯಾರ ಎದೆ ತಾನೆ ಡವಗುಟ್ಟುವುದಿಲ್ಲ? ದೊಡ್ಡಬಳ್ಳಾಪುರದ ಸ್ಟೇಷನ್ ಎದುರು ಹೊಸ ಬೋರ್ಡು ಮೇಲೇರುತ್ತಿತ್ತು. ಕೆಳಗೆ ನಿಂತಿದ್ದ ಸಪ್ಲೈಯರ್ ಅಪ್ಪಯ್ಯಣ್ಣನಿಗೆ ಕುಣಿಯುವಷ್ಟು ಖುಷಿ, ಓಡಿಹೋಗುವಷ್ಟು ಭಯ.

'ಮೂರನೇ ಪ್ಲಾಟ್‌ಫಾರಂ'. ಯಾವ ಮಾಲೀಕನೂ ಇಟ್ಟ ಹೆಸರಲ್ಲ ಅದು. ಆಗ ಸ್ಟೇಷನ್ನಿಗೆ ಇದ್ದದ್ದು ಎರಡೇ ಪ್ಲಾಟ್‌ಫಾರಂ. ರೈಲು ತಡವಾದರೆ ಮಗ್ಗದ ಕೆಲಸಗಾರರು ಎದುರಿನ ಹೆಂಚಿನ ಬಾರಿಗೆ ನುಗ್ಗುತ್ತಿದ್ದರು. ಶಿಳ್ಳೆ ಕೇಳಿಸಿತೋ, ಗ್ಲಾಸು ಅರ್ಧಕ್ಕೇ ಬಿಟ್ಟು ದೌಡು. ಎಲ್ಲಿದ್ದೆ ಎಂದು ಮನೆಯಲ್ಲಿ ಕೇಳಿದರೆ, "ಮೂರನೇ ಪ್ಲಾಟ್‌ಫಾರಂನಲ್ಲಿದ್ದೆ ಕಣೇ" ಎಂದುಬಿಡುತ್ತಿದ್ದರು. ಸುಳ್ಳೆಂದರೆ ಸುಳ್ಳಲ್ಲ.

ಆ ಬಾರಿನಲ್ಲೇ ಸಪ್ಲೈಯರ್ ಆಗಿದ್ದ ಅಪ್ಪಯ್ಯಣ್ಣ ಆ ಮಾತಿನ ಮೇಲೆ ಮದುವೆಯನ್ನೇ ಮಾಡಿಕೊಂಡ. ರಾಜಘಟ್ಟಕ್ಕೆ ಹೆಣ್ಣು ನೋಡಲು ಹೋದಾಗ, ಏನು ಕೆಲಸ ಎಂದದ್ದಕ್ಕೆ "ಸ್ಟೇಷನ್ನು, ಮೂರನೇ ಪ್ಲಾಟ್‌ಫಾರಂ" ಎಂದ. ರೈಲ್ವೆ ನೌಕರಿ ಎಂದುಕೊಂಡು ಅವರು ತಾಂಬೂಲ ಬದಲಾಯಿಸಿಯೇಬಿಟ್ಟರು. ಇವನು ಬಾಯಿ ಬಿಡಲಿಲ್ಲ, ಕಳ್ಳ. ಆಮೇಲೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಈಗ ಹಳೇ ಮಾಲೀಕರ ಮೊಮ್ಮಗಳು ಅರ್ಪಿತ ಬಾರನ್ನು ಪಬ್ ಮಾಡಿದ್ದಳು. ಆ ಹೆಸರೇ ಇರಲಿ ಎಂದು ಹಟ ಹಿಡಿದವನು ಅಪ್ಪಯ್ಯಣ್ಣನೇ. ಆ ಖುಷಿಗೆ ಅವಳು, ಇವತ್ತು ಮೊದಲ ಗಿರಾಕಿ ನೀವೇ ಎಂದು ಅವನ ಹೆಂಡತಿ ಪಿಳ್ಳಮ್ಮನಿಗೆ ಫೋನ್ ಮಾಡಿ ಕರೆದುಬಿಟ್ಟಿದ್ದಳು.

ಪಿಳ್ಳಮ್ಮ ರೇಷ್ಮೆ ಸೀರೆ ಉಟ್ಟು ಆಟೋ ಇಳಿದಳು. ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದಳು. ಅಪ್ಪಯ್ಯಣ್ಣ ಹತ್ತಿರ ಬಂದ.

"ನಿಂಗೊಂದು ಮಾತು ಹೇಳ್ಬೇಕಿತ್ತು ಕಣೇ..."

"ಏನ್ ಹೇಳ್ತೀಯ? ರೈಲ್ವೆಯವ್ರಿಗೆ ಪಾಸ್ ಕೊಡ್ತಾರೆ. ಒಂದ್ಸಲನಾದ್ರೂ ತಿರುಪ್ತಿಗೆ ಪಾಸಲ್ಲಿ ಕರ್ಕೊಂಡೋಗಿದ್ಯಾ? ಯಾವ ರೈಲ್ವೆಯವ್ನು ದಿನಾ ಜೇಬಲ್ಲಿ ಹುರಿದ ಕಡ್ಲೇಬೀಜ ತರ್ತಾನೆ?"

"ಗೊತ್ತಿತ್ತಾ ನಿಂಗೆ?"

"ತಾಂಬೂಲ ಆದ ಮಾರನೇ ದಿನಾನೇ ನಮ್ಮಪ್ಪ ತಲೆಗೆ ಟವೆಲ್ ಸುತ್ಕೊಂಡು ಬಂದು, ಇಲ್ಲೇ ಮೂಲೇಲಿ ಕೂತಿದ್ದ. ಕುಡಿದು ಬಿದ್ದವ್ನೊಬ್ಬನ್ನ ನೀನು ಎಬ್ಬಿಸಿ, ಕೈ ಹಿಡ್ಕೊಂಡೋಗಿ ರೈಲು ಹತ್ತಿಸಿ ಬಂದ್ಯಂತೆ. ಯಾರೋ ಏನೋ ಗೊತ್ತಿಲ್ದವ್ನನ್ನೇ ಬೀಳಕ್ಕೆ ಬಿಡ್ಲಿಲ್ಲ, ನನ್ ಮಗ್ಳನ್ನ ಬಿಡ್ತಾನಾ ಅಂದ. ರೈಲ್ವೆ ನೋಡಿ ಕೊಡ್ಲಿಲ್ಲ ಕಣಯ್ಯ."

ಅಪ್ಪಯ್ಯಣ್ಣನ ಕಣ್ಣು ತುಂಬಿತು. ಹೆಗಲ ಮೇಲಿನ ಬಟ್ಟೆ ತೆಗೆದು ಮೊದಲ ಟೇಬಲ್ ಒರೆಸಿ, ಕುರ್ಚಿ ಎಳೆದು ಕೂರಿಸಿದ. ಸಾವಿರಾರು ಜನರನ್ನು ಕೇಳಿದ ಮಾತನ್ನು ಇವತ್ತು ಮೊದಲ ಸಲ ಹೆಂಡತಿಯನ್ನು ಕೇಳಿದ.

"ಏನ್ ಕೊಡ್ಲಿ?"

"ಕಡ್ಲೇಬೀಜ ತಗೊಂಬಾ, ಬಿಸೀದು. ಇಪ್ಪತ್ತೆಂಟು ವರ್ಷದಿಂದ ತಣ್ಣಗಾಗಿರೋದೇ ತಿಂದಿದ್ದೀನಿ."