ಆಯಮ್ಮನ ಖಾಲಿ ತೊಟ್ಟಿಲುಗಳು

ಆಯಮ್ಮನನ್ನು ನಾನು ಮೊದಲು ನೋಡಿದ್ದು ನನ್ನ ಚೊಚ್ಚಲ ಹೆರಿಗೆಯ ದಿನ. ಆಸ್ಪತ್ರೆಯಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು, ಉಳಿದವರು ನೆಲದ ಮೇಲೆ ಚಾಪೆಯಲ್ಲಿ. ಅಲ್ಲಿ ಆಯಾ ಕೆಲಸದಲ್ಲಿದ್ದ ಇವಳು, ನನ್ನ ವಯಸ್ಸಿನವಳೇ, ಬಕೆಟ್ಟು ಹಿಡಿದು ನಮ್ಮನ್ನೆಲ್ಲ ದಾಟಿಕೊಂಡು ಬಂದು, "ಕಿರುಚಬೇಡ್ವೇ, ಊರಿಗೆ ನೀನೊಬ್ಳೇ ಹೆರ್ತಿರೋದಾ?" ಅಂದಳು. ಐದನೆಯದಕ್ಕೆ ಹೋದಾಗಂತೂ, "ಮತ್ತೆ ಬಂದ್ಯಾ? ನಿಂಗೂ ನಿನ್ ಗಂಡಂಗೂ ಬೇರೆ ಕೆಲ್ಸ ಇಲ್ವಾ?" ಅಂತ ಎಲ್ಲರೆದುರು ಮಾನ ಕಳೆದಳು.

ತೊಟ್ಟಿಲು ಸಾಲದೆ ಒಂದರಲ್ಲಿ ಎರಡು ಕೂಸು ಮಲಗಿಸುತ್ತಿದ್ದಳು, ಒಂದರ ತಲೆ ಕಡೆ ಇನ್ನೊಂದರ ಕಾಲು. ಕೆಲವು ಉಳಿಯುತ್ತಿರಲಿಲ್ಲ. ಅವನ್ನು ಬಟ್ಟೆಯಲ್ಲಿ ಸುತ್ತುವವಳೂ ಅವಳೇ. ಆ ಹೊತ್ತು ಮಾತ್ರ ಅವಳ ಬಾಯಿ ಮುಚ್ಚಿರುತ್ತಿತ್ತು.

ಆಮೇಲೆ ಚುಚ್ಚುಮದ್ದು ಬಂತು, ಕೂಸುಗಳು ಉಳಿದವು, ಹೆರುವುದೂ ಕಮ್ಮಿಯಾಯಿತು. ನನ್ನ ಮಗಳು ಎರಡಕ್ಕೆ ನಿಲ್ಲಿಸಿದಳು, ಮೊಮ್ಮಗಳು ಒಂದೇ ಸಾಕು ಅಂದಳು. ಅವಳ ಬಾಣಂತನಕ್ಕೆ ಹೋದರೆ ವಾರ್ಡು ಬಣಬಣ. ಇವಳನ್ನು ಬಿಟ್ಟರೆ ಇನ್ನೊಬ್ಬಳೇ ಬಾಣಂತಿ. ಆದರೂ ಮಹಾತಾಯಿ ಆಯಮ್ಮ ಎರಡು ಕೂಸನ್ನೂ ಒಂದೇ ತೊಟ್ಟಿಲಿಗೆ ತುರುಕಿದ್ದಳು!

"ಅಲ್ಲ ಆಯಮ್ಮ, ಇಷ್ಟೊಂದು ತೊಟ್ಟಿಲು ಖಾಲಿ ಬಿದ್ದಿವೆಯಲ್ಲ?"

"ಇನ್ನೂ ಬರೋರಿಗೆ ಬೇಡ್ವಾ?"

"ಯಾರು ಬರ್ತಾರೆ?"

"ಅದನ್ನ ನಿನ್ ಮೊಮ್ಮಗಳನ್ನ ಕೇಳು!"

ವಾರ್ಡು ಹೀಗೇ ಖಾಲಿ ಇದ್ದರೆ ಮುಚ್ಚಿ, ಮುದುಕರ ವಾರ್ಡು ಮಾಡುತ್ತೇವೆ ಅಂತ ದೊಡ್ಡ ಡಾಕ್ಟರು ಹೇಳಿದ್ದರಂತೆ. ಅವತ್ತಿನಿಂದ ಶುರುವಾಯಿತು ನೋಡಿ ನಮ್ಮ ಬೀದಿಗೆ ಗ್ರಹಚಾರ. ಹೊಸದಾಗಿ ಮದುವೆಯಾದವರ ಬಾಗಿಲಲ್ಲೆಲ್ಲ ಇವಳೇ. ಹೆತ್ತಿದ್ದಕ್ಕೆ ಬೈದವಳು ಈಗ ಹೆರದಿದ್ದಕ್ಕೆ ಬೈದಳು. ನನ್ನ ಮೊಮ್ಮಗಳಂತೂ ಅವಳನ್ನು ಕಂಡರೆ ಹಿಂಬಾಗಿಲಿಂದ ಓಡುತ್ತಿದ್ದಳು. "ಅವ್ರ ವಾರ್ಡ್ ತುಂಬ್ಸೋಕೆ ನಾನ್ ಹೆರ್ಬೇಕಾ ಅಜ್ಜಿ? ಸಾಕೋರು ಯಾರು, ಅವ್ರಾ?" ಇಬ್ಬರಿಗೂ ಉತ್ತರ ಹೇಳಿ ಹೇಳಿ ನನಗೂ ಸಾಕಾಗಿತ್ತು.

ಕೊನೆಗೆ ತೊಟ್ಟಿಲುಗಳೆಲ್ಲ ಉಗ್ರಾಣ ಸೇರಿದವು. ವಾರ್ಡಿಗೆ, ಮುದುಕರು ಬೀಳದಂತೆ ಕಂಬಿ ಹಾಕಿದ ಮಂಚಗಳು ಬಂದವು, ಒಂದೇ ವಾರದಲ್ಲಿ ತುಂಬಿಯೂ ಬಿಟ್ಟವು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ನಾನೂ ಒಂದರಲ್ಲಿ ಬಿದ್ದೆ. ಇಲ್ಲೇ ಕೆಲಸ ಮಾಡು, ಇಲ್ಲ ಮನೆಗೆ ಹೋಗು ಅಂದಿದ್ದರಂತೆ ಆಯಮ್ಮನಿಗೆ. ಎರಡು ದಿನ ನಮ್ಮ ಮೈ ಒರೆಸಿದಳು, ಗೊಣಗಿದಳು, ಪಾತ್ರೆ ಕುಕ್ಕಿದಳು. ಮೂರನೆಯ ದಿನ ನನ್ನ ತಲೆ ಬಾಚುತ್ತಿದ್ದವಳು ಬಾಚಣಿಗೆ ಎಸೆದಳು.

"ಏನಾಯ್ತೇ ನಿಂಗೆ?" ಅಂದೆ.

"ಕೂಸಿಗಾದ್ರೆ ಮೈ ತೊಳ್ದು, ಬಟ್ಟೆ ಹಾಕಿ, ಅದರಮ್ಮನ ಕೈಗೆ ಕೊಡ್ತಿದ್ದೆ. ನಿಮ್ಮನ್ನೆಲ್ಲ ಸಿಂಗರಿಸಿ ಯಾರ ಕೈಗೆ ಕೊಡ್ಲೇ ನಾನು?"